ಸಾಧನೆ ಯಾರ ಹೆಸರಿಗೆ?

ವಿಶ್ವವಿದ್ಯಾಲಯದ ಫಲಕಗಳಲ್ಲಿ ‘ನಮ್ಮ ಸಾಧಕರು’ ಎಂಬ ತಲೆಬರಹದಡಿ ಅಧ್ಯಾಪಕರ ಭಾವಚಿತ್ರಗಳು ಸಾಲುಗಟ್ಟುವುದು ಈಗ ರೂಢಿ. ಒಬ್ಬರಿಗೆ ಫೆಲೋಶಿಪ್, ಇನ್ನೊಬ್ಬರಿಗೆ ಪೇಟೆಂಟ್, ಮತ್ತೊಬ್ಬರ ಪುಸ್ತಕಕ್ಕೆ ಬಹುಮಾನ. ಜೊತೆಗೆ ಶಾಲು, ಹಾರ, ಮೈಸೂರು ಪೇಟ. ಸಂತೋಷದ ಸಂಗತಿಯೇ. ಆದರೆ ಫಲಕ ಬರೆಸಿದವರು ಆರಿಸಿಕೊಂಡ ಪದ ಕೊಂಚ ತಕರಾರಿನದು. ಮಠಗಳ ಮಾತಿನಲ್ಲಿ ಸಾಧಕ ಎಂದರೆ ಇನ್ನೂ ದಾರಿಯಲ್ಲಿರುವವನು, ಮುಟ್ಟಿದವನು ಸಿದ್ಧ. ಸಂಗೀತಗಾರರು ಸಾಧನೆ ಎನ್ನುವುದು ಬಾಗಿಲು ಹಾಕಿಕೊಂಡು ಮಾಡುವ ಅಭ್ಯಾಸಕ್ಕೆ, ಕಚೇರಿಗಲ್ಲ. ಒಂದೇ ಪದ ಅಲ್ಲಿ ಮುಗಿಯದ ಕೆಲಸದ ಹೆಸರು, ಇಲ್ಲಿ ಮುಗಿದು ಪದಕ ಬಂದದ್ದರ ಹೆಸರು.

ಇವೆರಡರ ನಡುವೆ ಸಿಕ್ಕಿಬಿದ್ದವರಲ್ಲಿ ಈಚೆಗೆ ಜಗತ್ತೇ ಕಂಡವರು ಕ್ಯಾಟಲಿನ್ ಕರಿಕೊ. ಹಂಗೇರಿಯಿಂದ 1985ರಲ್ಲಿ ಅಮೆರಿಕಕ್ಕೆ ಹೋದ ಈ ಜೀವರಸಾಯನ ವಿಜ್ಞಾನಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎಂಆರ್‌ಎನ್‌ಎ ಹಿಂದೆ ಬಿದ್ದರು. ಅನುದಾನ ಸಿಗಲಿಲ್ಲ. ಅನುದಾನ ತರದವರಿಗೆ ಅಲ್ಲಿ ಏಣಿ ಇರಲಿಲ್ಲ. 1995ರಲ್ಲಿ ಅವರಿಗೆ ಹಿಂಬಡ್ತಿಯಾಯಿತು. ಮುಂದೆ ಫೋಟೊಕಾಪಿ ಯಂತ್ರದ ಬಳಿ ಪರಿಚಯವಾದ ಡ್ರೂ ವೈಸ್‌ಮನ್ ಜೊತೆ ಸೇರಿ 2005ರಲ್ಲಿ ಪ್ರಕಟಿಸಿದ ಪ್ರಬಂಧವೇ ಕೋವಿಡ್ ಲಸಿಕೆಗೆ ದಾರಿ ಮಾಡಿದ್ದು. ಎಂಆರ್‌ಎನ್‌ಎ ಒಳಗಿನ ಒಂದು ಘಟಕವನ್ನು ಬದಲಿಸಿದರೆ ದೇಹ ಅದನ್ನು ಶತ್ರುವೆಂದು ಭಾವಿಸಿ ಉರಿಯೂತ ಎಬ್ಬಿಸುವುದಿಲ್ಲ ಎಂಬುದು ಅದರ ತಿರುಳು. ಆಗ ಹೆಚ್ಚು ಜನ ಅದರತ್ತ ತಿರುಗಿ ನೋಡಲಿಲ್ಲ. 2023ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ವಿಶ್ವವಿದ್ಯಾಲಯ ಸಂಭ್ರಮಿಸಿತು.

ಹಾಗಾದರೆ 1995ರಲ್ಲಿ ಆಕೆ ಮಾಡುತ್ತಿದ್ದುದು ಏನು? ಮಠದ ಅರ್ಥದಲ್ಲಿ ಸಾಧನೆ. ಕಚೇರಿ ಕಡತದ ಅರ್ಥದಲ್ಲಿ ಸೊನ್ನೆ.

ಕಡತಕ್ಕೆ ಅದರದೇ ತತ್ತ್ವಶಾಸ್ತ್ರವಿದೆ. ನಮ್ಮಲ್ಲಿ 2010ರ ಯುಜಿಸಿ ನಿಯಮಾವಳಿ ಅಧ್ಯಾಪಕರ ಕೆಲಸವನ್ನು ಎಪಿಐ ಅಂಕಗಳಾಗಿ ಒಡೆಯಿತು: ಲೇಖನಕ್ಕಿಷ್ಟು, ಪುಸ್ತಕಕ್ಕಿಷ್ಟು, ವಿಚಾರ ಸಂಕಿರಣಕ್ಕಿಷ್ಟು. ನಿಯಮಗಳು ಆಮೇಲೆ ಬದಲಾದವು, ಎಣಿಸುವ ಚಾಳಿ ಉಳಿಯಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರು 1925ರಲ್ಲಿ ಸುರೇಶ್ವರಾಚಾರ್ಯರ ‘ನೈಷ್ಕರ್ಮ್ಯಸಿದ್ಧಿ’ಯನ್ನು ಪರಿಷ್ಕರಿಸಿ ಕೊಟ್ಟರು. ಕರ್ಮದಿಂದ ಮೋಕ್ಷ ಸಿಗುವುದಿಲ್ಲ, ಮೋಕ್ಷ ಗಳಿಸಿಕೊಳ್ಳುವ ವಸ್ತುವೇ ಅಲ್ಲ ಎಂದು ವಾದಿಸುವ ಗ್ರಂಥ ಅದು. ಇಂದಾಗಿದ್ದರೆ ಅದನ್ನೂ ‘ಸಂಪಾದಿತ ಕೃತಿ’ ಕಲಮಿನಲ್ಲಿ ತುಂಬಿ, ಐಎಸ್‌ಬಿಎನ್ ಸಮೇತ ಅಂಕ ಕೇಳಬೇಕಾಗುತ್ತಿತ್ತು. ಸುರೇಶ್ವರರು ನಗುತ್ತಿದ್ದರೇನೋ.

ನಗೆ ಹಾಗಿರಲಿ. ಒಂದು ಕೆಲಸ ಆಯಿತು ಎಂದರೆ ಅದನ್ನು ಮಾಡಿದವರು ಯಾರು ಎಂಬ ಪ್ರಶ್ನೆ ಹಳೆಯದು. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವ ಕೆಲಸಕ್ಕೂ ಐದು ಕಾರಣಗಳನ್ನು ಹೇಳುತ್ತದೆ: ನೆಲೆಯಾದ ಅಧಿಷ್ಠಾನ, ಕರ್ತೃ, ಸಾಧನಗಳಾದ ಕರಣಗಳು, ಚೇಷ್ಟೆಗಳೆನಿಸುವ ಬಗೆಬಗೆಯ ಕ್ರಿಯೆಗಳು, ಕೊನೆಗೆ ದೈವ. ಕರ್ತೃ ಐವರಲ್ಲಿ ಒಬ್ಬ, ಅಷ್ಟೆ. ತಾನೊಬ್ಬನೇ ಮಾಡಿದೆ ಎನ್ನುವವನಿಗೆ ಕಣ್ಣು ಕಾಣುತ್ತಿಲ್ಲ ಎಂಬುದು ಅಲ್ಲಿನ ತೀರ್ಪು. ಭಾಷ್ಯಕಾರರು ಅಧಿಷ್ಠಾನವನ್ನು ಶರೀರ ಎಂದು ಅರ್ಥೈಸುತ್ತಾರೆ. ಆದರೂ ಈ ಪಟ್ಟಿಯನ್ನು ಹಿಡಿದು ಒಂದು ಗ್ರಂಥಾಲಯದೊಳಗೆ ಹೋಗಿ ನೋಡಬಹುದು.

ಮೈಸೂರಿನ ಓರಿಯೆಂಟಲ್ ಲೈಬ್ರರಿ 1891ರಲ್ಲಿ ಶುರುವಾದದ್ದು. ಮುಂದೆ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿ ಪ್ರಾಚ್ಯವಿದ್ಯಾ ಸಂಶೋಧನಾಲಯವಾಯಿತು. 1905ರಲ್ಲಿ ಅಲ್ಲಿನ ಆರ್. ಶಾಮಶಾಸ್ತ್ರಿಗಳ ಕೈಗೆ ಒಂದು ಗ್ರಂಥಲಿಪಿಯ ತಾಳೆಗರಿ ಕಟ್ಟು ಬಂತು. ಹೆಸರಷ್ಟೇ ಉಳಿದು ಪಠ್ಯ ಕಳೆದೇಹೋಯಿತೆಂದು ವಿದ್ವಾಂಸರು ಕೈಬಿಟ್ಟಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ. ಭಾರತೀಯರಿಗೆ ರಾಜ್ಯಶಾಸ್ತ್ರವೇ ತಿಳಿದಿರಲಿಲ್ಲ ಎನ್ನುತ್ತಿದ್ದವರ ಬಾಯಿ ಕಟ್ಟಿತು. ಜರ್ಮನಿಗೆ ಹೋದ ಮಹಾರಾಜರನ್ನು ಅಲ್ಲಿನವರು ‘ಶಾಮಶಾಸ್ತ್ರಿಗಳ ಮೈಸೂರಿನವರೇ?’ ಎಂದು ಕೇಳಿದರಂತೆ ಎಂಬ ಕತೆ ಮೈಸೂರಿಗರ ಬಾಯಲ್ಲಿ ಇನ್ನೂ ಓಡಾಡುತ್ತಿದೆ. ನಿಜವಿರಲಿ ಬಿಡಲಿ, ರಾಜ ತನ್ನ ನೌಕರನ ಹೆಸರಿನಿಂದ ಗುರುತಿಸಿಕೊಂಡ ಎಂದು ಹೇಳಿಕೊಳ್ಳುವುದರಲ್ಲಿ ಊರಿಗೆ ಒಂದು ಖುಷಿಯಿದೆ.

ಗೀತೆಯ ಲೆಕ್ಕದಲ್ಲಿ ನೋಡಿದರೆ ಶಾಸ್ತ್ರಿಗಳು ಕರ್ತೃ. ಲೈಬ್ರರಿ ಅಧಿಷ್ಠಾನ. ಹುಳು ಹಿಡಿಯದಂತೆ ಓಲೆಗಳನ್ನು ಕಾದವರು, ನಕಲು ಮಾಡಿದವರು, ಅಚ್ಚಿನ ಮೊಳೆ ಜೋಡಿಸಿದವರು ಚೇಷ್ಟೆಯ ಭಾಗಸ್ಥರು. ಆ ಕಟ್ಟು ಬೆಂಕಿ, ಗೆದ್ದಲು, ಮಳೆ ಎಲ್ಲವನ್ನೂ ದಾಟಿ, ಅದನ್ನು ಗುರುತಿಸಬಲ್ಲವರ ಮೇಜಿಗೇ ಬಂದದ್ದಕ್ಕೆ ದೈವ ಎನ್ನದೆ ಬೇರೆ ಏನೆನ್ನುವುದು?

ಇಲ್ಲಿಂದ ಮುಂದೆ ನಿಷ್ಕಾಮ ಕರ್ಮದ ಉಪದೇಶಕ್ಕೆ ಇಳಿಯುವುದು ಸುಲಭ: ಹೆಸರು ಬೇಡ, ಫಲ ಬೇಡ, ಮಾಡುತ್ತಾ ಹೋಗಿ. ಈ ಮಾತನ್ನು ವರ್ಷವರ್ಷವೂ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಕಾಯುವ ಅತಿಥಿ ಉಪನ್ಯಾಸಕರ ಮುಂದೆ ಹೇಳಿ ನೋಡಬೇಕು. ಅವರಿಗೆ ಲೇಖನದ ಮೇಲಿನ ಹೆಸರು ಅಹಂಕಾರವಲ್ಲ, ಅನ್ನ. ಫಲತ್ಯಾಗದ ಪ್ರವಚನ ಹೆಚ್ಚಾಗಿ ಕೇಳಿಬರುವುದು ಫಲ ಕೈಸೇರಿದವರಿಂದ ಎಂಬುದನ್ನೂ ಗಮನಿಸಬೇಕು.

ಈ ಬಿಕ್ಕಟ್ಟನ್ನು ಹನ್ನೆರಡನೆಯ ಶತಮಾನದ ಶರಣರು ಚೆನ್ನಾಗಿ ಬಲ್ಲರು. ಅವರು ಕೂಲಿ ಬಿಡಿ ಎನ್ನಲಿಲ್ಲ. ಕಾಯಕಕ್ಕೆ ಸಲ್ಲುವಷ್ಟನ್ನು ಪಡೆಯಿರಿ ಎಂದರು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದವಳು ಆಯ್ದಕ್ಕಿ ಲಕ್ಕಮ್ಮ. ಹೆಸರಿನ ವಿಷಯದಲ್ಲೂ ಅವರದು ಬೇರೆಯೇ ರೀತಿ. ವಚನದ ಕೊನೆಗೆ ಬರುವುದು ಬರೆದವರ ಹೆಸರಲ್ಲ, ಇಷ್ಟದೈವದ ಹೆಸರು: ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ. ಕರ್ತೃತ್ವವನ್ನು ಒಪ್ಪಿಸಿಬಿಡುವ ಕ್ರಮ ಇದು.

ಆದರೆ ಅಂಬಿಗರ ಚೌಡಯ್ಯನ ಅಂಕಿತ ಅಂಬಿಗರ ಚೌಡಯ್ಯ ಎಂದೇ. ದೋಣಿ ನಡೆಸುವವನು ತನ್ನ ಕಸುಬು, ತನ್ನ ಹೆಸರು ಎರಡನ್ನೂ ದೇವರ ಜಾಗದಲ್ಲಿ ಇಟ್ಟ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ ತನ್ನ ಹೆಸರನ್ನು ಬಿಟ್ಟುಕೊಡುವುದು ವಿನಯ. ಯಾರೂ ಹೆಸರು ಹಿಡಿದು ಕರೆಯದ ಜಾತಿಯಿಂದ ಬಂದವನೂ ಅದನ್ನೇ ಮಾಡಬೇಕೆಂದರೆ, ಬಿಟ್ಟುಕೊಡಲು ಅವನಲ್ಲಿ ಇತ್ತಾದರೂ ಏನು? ಒಂದೇ ಚಳವಳಿ ಎರಡು ಬಗೆಯ ರುಜುವಿಗೂ ಜಾಗ ಮಾಡಿಕೊಟ್ಟಿತು.

ಕರ್ತೃ ಐವರಲ್ಲಿ ಒಬ್ಬ ಎನ್ನುವ ಗೀತೆಯ ಮಾತಿಗೆ ವಿಶ್ವವಿದ್ಯಾಲಯದ ಮಟ್ಟಿಗೆ ಆಗ ಇನ್ನೊಂದು ಅರ್ಥ ಹೊಳೆಯುತ್ತದೆ. ಫಲಕದ ಮೇಲಿನ ಹೆಸರನ್ನು ಅಳಿಸಬೇಕಿಲ್ಲ. ಪ್ರಯೋಗಾಲಯದ ಸಹಾಯಕರು, ಗ್ರಂಥಾಲಯದ ಅಟೆಂಡರು ಎಂದು ಮುಂದಿನ ಹೆಸರುಗಳನ್ನು ಬರೆಯುತ್ತಾ ಹೋಗಬೇಕು, ಜಾಗ ಸಾಲುವವರೆಗೆ. ಅರ್ಥಶಾಸ್ತ್ರದ ಓಲೆಕಟ್ಟನ್ನು ಮೈಸೂರಿಗೆ ತಂದು ಒಪ್ಪಿಸಿದ್ದು ತಂಜಾವೂರು ಸೀಮೆಯ ಒಬ್ಬ ಪಂಡಿತರು ಎಂದು ಶಾಮಶಾಸ್ತ್ರಿಗಳೇ ದಾಖಲಿಸಿದ್ದಾರೆ. ಊರಿನ ಕಡೆ ಯಾವುದೆಂದು ಬರೆದರು. ಪಂಡಿತರ ಹೆಸರನ್ನು ಬರೆಯಲಿಲ್ಲ.