ಸೋರುವ ಮೊದಲು ಕಂಡ ಕಲೆ

ತಿಳಿಯದೆ ಮಾಡಿದ ಕೇಡಿಗೂ ತಿಳಿಯಲೊಲ್ಲದೆ ಮಾಡಿದ ಕೇಡಿಗೂ ಭೇದವೇನೆಂಬ ಪ್ರಶ್ನೆಯನ್ನು ಪಂಡಿತರು ದೊಡ್ಡ ಗ್ರಂಥಗಳಲ್ಲಿ ಹುಡುಕುವರು. ನಮಗಾದರೋ ಅದು ದೇವನೂರಿನ ನಮ್ಮ ಮನೆಯ ಗೋಡೆಯ ಮೇಲೆಯೇ ಕಾಣಿಸಿತು.

ಕಡೂರು ಸೀಮೆಯಲ್ಲಿ ಮಳೆ ಕಡಿಮೆ. ಇದೇ ಜಿಲ್ಲೆಯ ಮೂಡಿಗೆರೆ, ಶೃಂಗೇರಿಗಳವರು ವರುಷವರುಷವೂ ಮಾಡನ್ನು ನೋಡಿಕೊಳ್ಳದೆ ಬಾಳಲಾರರು. ನಾವೋ ಮುಗಿಲನ್ನು ಬೇಡುವವರೇ ಹೊರತು ಮುಗಿಲಿಗೆ ಅಂಜುವವರಲ್ಲ. ಆದಕಾರಣ ನಮ್ಮ ಮನೆಗಳ ದೋಷಗಳು ಬರಗಾಲದ ಮರೆಯಲ್ಲಿ ಅಡಗಿಕೊಂಡಿದ್ದು, ಒಳ್ಳೇ ಮಳೆಯ ವರುಷದಲ್ಲಿ ಒಮ್ಮೆಲೇ ಹೊರಬೀಳುವವು.

ನಮ್ಮ ತಾಯಿಯವರು ಮಲಗುತ್ತಿದ್ದ ಕೋಣೆಯ ಮಣ್ಣಿನ ಗೋಡೆಯಲ್ಲಿ, ತೊಲೆಯ ತುದಿ ಸೇರುವ ಕಡೆ, ಅಂಗೈಯಗಲದ ಒಂದು ಕಲೆ ಮೂಡಿತು. ನಡುವೆ ಮಾಸಲು, ಅಂಚಿನಲ್ಲಿ ಕಂದು. “ಮಗಾ, ಮಳೆ ಬಂದ ಮಾರನೇ ದಿನ ಈ ಮೂಲೆ ಮುಗ್ಗಲು ನಾರುತ್ತೆ, ನೋಡು” ಎಂದರು. “ಅದು ಹಳೇ ಕಲೆ ಕಣವ್ವ” ಎಂದು ನಾವು ಉತ್ತರಕೊಟ್ಟೆವು. ನಿಜವಾಗಿ ಅದು ಹಳೆಯದೋ ಹೊಸದೋ ನಮಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಂಡರೆ ಏಣಿ ತರಬೇಕು, ಆಳು ಕರೆಯಬೇಕು, ಹಣ ಹೊಂದಿಸಬೇಕು. ಆದದರಿಂದ ಗೊತ್ತಿಲ್ಲದಿರುವದೇ ನಮಗೆ ಹಿತವಾಗಿತ್ತು. ಎರಡನೆಯ ಸಾರಿ ಹೇಳಿದರು. ಆಮೇಲೆ ಹೇಳುವದನ್ನು ಬಿಟ್ಟರು.

ಒಂದು ರಾತ್ರಿ, ಮಳೆ ನಿಂತು ಎಷ್ಟೋ ಹೊತ್ತಾದ ಮೇಲೆ, ಆ ಗೋಡೆಯ ಮೇಲ್ಭಾಗವು ಅವರ ಚಾಪೆಯ ಮೇಲೆ ಕುಸಿಯಿತು. ಮೊಮ್ಮಗುವಿಗೆ ಜ್ವರವೆಂದು ಅವರು ಅಂದು ನಡುಮನೆಯಲ್ಲಿ ಮಲಗಿದ್ದರು. ನೆರೆಯವರು ಬಂದು ದೇವರು ಕಾಪಾಡಿದನೆಂದರು. ನಾವೂ ಸ್ತೋತ್ರ ಸಲ್ಲಿಸಿದೆವು. ಆದರೆ ಕೃಪೆಯಿಂದ ಉಳಿದದ್ದನ್ನು ನಮ್ಮ ನಿರ್ದೋಷಕ್ಕೆ ಸಾಕ್ಷಿಯಾಗಿ ಎಣಿಸುವದಕ್ಕೆ ನಮ್ಮ ಮನಸ್ಸು ಒಪ್ಪಲಿಲ್ಲ.

ಸೋರಿಕೆಯೆಂದರೆ ತಲೆಯ ಮೇಲೆ ಹನಿ ಬೀಳುವದೆಂದು ನಾವು ತಿಳಿದಿರುವೆವು. ಹನಿಯು ಕೊನೆಯದಾಗಿ ಬರುವದು. ಅದಕ್ಕೂ ಮುಂಚೆ ಸುಣ್ಣವು ಉಬ್ಬಿ ಹಕ್ಕಳೆಯಾಗಿ ಉದುರುವದು; ಗೋಡೆಯ ಮೇಲೆ ಬಿಳಿಯ ಉಪ್ಪಿನ ಹುಡಿ ಕಾಣುವದು; ತೇವವನ್ನು ಹುಡುಕುವ ಗೆದ್ದಲು ಜಂತೆಗಳ ಕಡೆಗೆ ಮಣ್ಣಿನ ಗೆರೆ ಎಳೆಯುವದು. ಹಗಲಲ್ಲಿ ಬಾಗಿಲು ಮುಚ್ಚಿ ಅಟ್ಟದಲ್ಲಿ ನಿಂತರೆ, ಕೋತಿಗಳು ಸರಿಸಿದ ಹೆಂಚಿನ ಸಂದಿಯಿಂದ ಬೆಳಕು ಸೂಜಿಯಂತೆ ತೋರುವದು. ತಗಡಿನ ಮಾಡಾದರೆ ಮೊಳೆಯ ಸುತ್ತ ತುಕ್ಕು; ತಾರಸಿಯಾದರೆ ಎಲೆಕಸ ಕಟ್ಟಿ ನೀರು ನಿಂತ ಗುರುತು, ಒಳಗಡೆ ಕಬ್ಬಿಣದ ಸಲಾಕೆಯ ಜಾಡಿನಲ್ಲಿ ಕೆಂಪು ಗೆರೆ. ದೀಪದ ತಂತಿ ಹೋದ ಗೋಡೆಯಲ್ಲಿ ತೇವವಿದ್ದರೆ ಒಂದು ದಿನವೂ ತಡಮಾಡಬಾರದು. ಇನ್ನೊಂದು ಮಾತು: ಹನಿ ಬಿದ್ದ ಸ್ಥಳದ ನೆತ್ತಿಯಲ್ಲೇ ತೂತಿರುವದೆಂದು ನಂಬಬೇಡಿರಿ. ನೀರು ಮರದ ಇಳಿಜಾರಿನಲ್ಲಿ ಹರಿದು ದೂರದಲ್ಲಿ ಇಳಿಯುವದುಂಟು.

ಬಾಸೆಲ್ ಮಿಷನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಕಟ್ಟಿದಂದಿನಿಂದ, ಒಂದರೊಳಗೊಂದು ಕೂಡುವ ಹೆಂಚು ನಾಡಿನ ಅನೇಕ ಮನೆಗಳಿಗೆ ಒಳ್ಳೇ ಹೊದಿಕೆಯಾಯಿತು. ಆದರೆ ಒಳ್ಳೇ ಹೆಂಚು ಹೊದಿಸಿದವನು ಮೇಲೆ ನೋಡುವದನ್ನು ಬೇಗನೆ ಮರೆಯುವನು. ನಮ್ಮದೂ ಅಂಥ ಮಾಡೇ. ಶಿಶುನಾಳದ ಶರೀಫರು ಸೋರುವ ಮಾಳಿಗೆಯ ಪದದಲ್ಲಿ ಮನುಷ್ಯನ ಒಳಗನ್ನು ತೋರಿಸಿದರು. ನಾವು ಹೇಳುವದು ಮಣ್ಣಿನ ಗೋಡೆಯನ್ನೇ, ಯಾಕಂದರೆ ಬಿದ್ದದ್ದು ಅದೇ.

ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ನ್ಯಾಯವಿದೆ. ಎತ್ತಿನ ಚಾಳಿಯನ್ನು ಅರಿಯದ ಯಜಮಾನನಿಗೆ ಒಂದು ತೀರ್ಪು. ಜನರು ಎಚ್ಚರಿಸಿದರೂ ಕಟ್ಟಿಹಾಕದವನಿಗೆ ಇನ್ನೊಂದು, ಬಹು ಕಠಿಣವಾದದ್ದು. ನಾವು ಯಾವ ಸಾಲಿನವರು? ಎತ್ತು ನಮ್ಮದು, ಎಚ್ಚರಿಸಿದವರು ನಮ್ಮ ತಾಯಿ. ಗೊತ್ತಿರಲಿಲ್ಲವೆಂಬ ಮಾತು ನಮ್ಮ ಬಾಯಲ್ಲಿ ಸುಳ್ಳಲ್ಲ, ಆದರೆ ಆ ಅಜ್ಞಾನವನ್ನು ನಾವೇ ಸಾಕಿಕೊಂಡಿದ್ದೆವು.

ಬಡವನು ಕಲೆಯನ್ನು ಕಂಡೂ ಹೆಂಚು ಕೊಳ್ಳಲಾರದಿದ್ದರೆ ಅವನನ್ನು ನಾವು ಈ ಸಾಲಿಗೆ ಸೇರಿಸುವದಿಲ್ಲ. ಅವನು ಚಾಪೆಯನ್ನಾದರೂ ಆಚೆ ಎಳೆಯುವನು. ನಾವು ಅದನ್ನೂ ಮಾಡಲಿಲ್ಲ. ಬಾಡಿಗೆಗಿದ್ದವನು, ಬಿಡಿಸಿಬಿಟ್ಟಾರೆಂಬ ಭಯದಿಂದ ಕಲೆಯನ್ನು ತೋರಿಸದೆ ಸುಮ್ಮನಿದ್ದರೆ, ಆ ಮೌನದಲ್ಲಿ ಹೆಚ್ಚಿನ ಪಾಲು ಮನೆಯ ಒಡೆಯನದೇ. ಮೂಲೆಯಲ್ಲಿ ಮಲಗುವವರ ಮೂಗಿಗೆ ಮುಗ್ಗಲು ಮೊದಲು ತಿಳಿಯುವದು. ಏಣಿಯು ಮಾತ್ರ ಇನ್ನೊಬ್ಬರ ಕೈಯಲ್ಲಿರುವದು.

ಈಗ ಭರಣಿ ಮಳೆಗೆ ಮುಂಚೆ ನಾವು ಮಾಡನ್ನು ಹತ್ತಿ, ಹೆಂಚಿನ ಮೇಲೆ ಒಂದೊಂದು ಕೊಡ ನೀರು ಸುರಿಸುತ್ತೇವೆ. ತಾಯಿಯವರು ಒಳಗೆ ನಿಂತು, ಕಣ್ಣಿಗೆ ಕೈ ಮರೆಮಾಡಿಕೊಂಡು, “ಇನ್ನೂ ಇತ್ತ ಹುಯ್ಯಿ” ಎಂದು ಕೂಗುತ್ತಾರೆ. ಅವರು ಹೇಳಿದ ಕಡೆಗೇ ಸುರಿಯುತ್ತೇವೆ.