ಗುಬ್ಬಿಯ ಸಾಲು

ಕರೋಶಿ ನಮ್ಮ ಚಿಕ್ಕೋಡಿ ತಾಲೂಕಿನ ಊರು. ಜಪಾನಿ ಭಾಷೆಯಲ್ಲಿ ಇದೇ ಉಚ್ಚಾರದ ಮಾತೊಂದಿದೆ, ಅದಕ್ಕೆ ದುಡಿದು ದುಡಿದು ಸಾಯುವುದು ಎಂದರ್ಥ. ಊರಿಗೂ ಆ ಮಾತಿಗೂ ನಂಟಿಲ್ಲ. ಆದರೂ ಬೆಂಗಳೂರಿನಲ್ಲಿ ಸರ್ವರ್ ಕಾಯುವ ನನಗೆ, ರಾತ್ರಿ ಮೂರಕ್ಕೆ ಫೋನ್ ಕಿರುಚಿದಾಗ ಎರಡೂ ಒಟ್ಟಿಗೆ ನೆನಪಾಗುತ್ತವೆ.

ಈಗಿನ ತಂತ್ರಾಂಶಗಳು ಕಂಟೇನರ್‌ಗಳಲ್ಲಿ ಓಡುತ್ತವೆ. ವಾಡೆಯೊಳಗಿನ ಖೋಲಿಗಳಂತೆ ಬಾಗಿಲು ಬೇರೆಬೇರೆ, ಬುನಾದಿ ಒಂದೇ. ಆ ಬುನಾದಿಯೇ ಕರ್ನೆಲ್. 2016ರಲ್ಲಿ ಸಿಸ್‌ಡಿಗ್ ಕಂಪನಿ ಹೊರತಂದ ಫಾಲ್ಕೊ ಎಂಬ ಕಾವಲು ತಂತ್ರಾಂಶ ಖೋಲಿ ಖೋಲಿಗೆ ಇಣುಕುವುದಿಲ್ಲ, ಬುನಾದಿಗೇ ಕಿವಿಗೊಟ್ಟು ಕೂರುತ್ತದೆ. ಯಾವ ಸಪ್ಪಳಕ್ಕೆ ಒದರಬೇಕೆಂದು ಮಾತ್ರ ನಿಯಮಗಳಲ್ಲಿ ಬರೆದಿರಬೇಕು. ಅದರ ಜೊತೆ ಬರುವ ನಿಯಮಗಳಲ್ಲೊಂದು: ಕಂಟೇನರ್ ಒಳಗೆ ಯಾರಾದರೂ ಟರ್ಮಿನಲ್ ಹಿಡಿದು ಆಜ್ಞೆ ಕೊಡುವ ಶೆಲ್ ತೆರೆದರೆ ತಿಳಿಸು. ಎಂಟು ದರ್ಜೆಗಳಲ್ಲಿ ಇದರದು ಮೇಲಿನಿಂದ ಆರನೆಯದು, ಬರೀ 'ನೋಟಿಸ್'. ನಾವೇ ಅದನ್ನು ಮೇಲೇರಿಸಿ ಫೋನಿಗೆ ಕಟ್ಟಿದ್ದೆವು.

ಸಹೋದ್ಯೋಗಿಯೊಬ್ಬರು ದಿನಾ ರಾತ್ರಿ ಒಂದು ಕಂಟೇನರ್‌ಗೆ ಹೊಕ್ಕು ಹಳೆಯ ಕಡತ ಅಳಿಸುತ್ತಿದ್ದರು. ದಿನಾ ಗಂಟೆ. ಬೇಸತ್ತು ವಿನಾಯಿತಿ ಬರೆದೆ. ಅವರ ಆ ಒಂದು ಕೆಲಸಕ್ಕಲ್ಲ, ಆ ಕಂಟೇನರಿಗೆ ಅಚ್ಚಾದ ಇಮೇಜ್‌ನ ಹೆಸರಿಗೇ. ಒಂದೇ ಸಾಲು, ಬರೆದದ್ದು ನಾನಲ್ಲ, ನನ್ನ ನಿದ್ದೆ ಎನ್ನಬೇಕು. ಅದೇ ಇಮೇಜ್‌ನಿಂದ ಎದ್ದ ಕಂಟೇನರ್‌ಗಳೆಲ್ಲ ಅಂದಿನಿಂದ ಈ ನಿಯಮದ ಕಾವಲಿಲ್ಲದೆ ಓಡುತ್ತಿವೆಯೆಂದು ಗೊತ್ತಾಗುವಷ್ಟರಲ್ಲಿ ತಿಂಗಳುಗಳು ಕಳೆದಿದ್ದವು. ನಡುವೆ ಕಳ್ಳ ಬಂದಿದ್ದನೆ? ಇಲ್ಲವೆನ್ನಲು ನನ್ನಲ್ಲಿ ಸಾಕ್ಷಿಯಿಲ್ಲ. ಸಾಕ್ಷಿ ಹೇಳಬೇಕಾದವನ ಬಾಯಿಗೇ ಬಟ್ಟೆ ತುರುಕಿದ್ದೆನಲ್ಲ.

ಊರಲ್ಲಿ ಅಜ್ಜನೂ ಕಾವಲಿನವನೇ: ಜೋಳದ ಹೊಲದಲ್ಲಿ ಅಟ್ಟಣಿಗೆ ಹಾಕಿ ಹಕ್ಕಿ ಕಾಯುತ್ತಿದ್ದ. ನಾನು ಕಂಡ ಕಂಡ ಹಕ್ಕಿಗೆಲ್ಲ ಕೂಗಿದರೆ, "ಹಿಂಗ ಒದರಿದ್ರ ಸಂಜೀತನಾ ದನಿ ಉಳಿಯಂಗಿಲ್ಲೋ" ಅನ್ನುತ್ತಿದ್ದ. ಬದುವಿನ ಪಕ್ಕದ ಒಂದು ಸಾಲನ್ನು ಗುಬ್ಬಿಗೆಂದು ಬಿಟ್ಟಿದ್ದ. ಗಿಳಿ ಬಂದರೆ ಆ ಸಾಲಿಗೂ ಕವಣಿ ಬೀಸುತ್ತಿದ್ದ. ಗುಬ್ಬಿ ಎರಡನೇ ಸಾಲಿಗೆ ಹಾರಿದರೂ ಬೀಸುತ್ತಿದ್ದ. ಬಿಟ್ಟದ್ದು ಸಾಲನ್ನೂ ಅಲ್ಲ, ಗುಬ್ಬಿಯನ್ನೂ ಅಲ್ಲ. ಆ ಸಾಲಿನ ಗುಬ್ಬಿಯನ್ನು. ಇದು ನನಗೆ ಅರ್ಥವಾದದ್ದು ಅಜ್ಜನಿಂದಲ್ಲ, ನನ್ನ ನಿದ್ದೆ ಬರೆದ ಆ ಒಂದು ಸಾಲಿನಿಂದ.

ಕೊನೆಗೆ ತಿದ್ದಿದೆ. ಆ ಒಂದು ಕಂಟೇನರ್, ಆ ಒಂದು ಆಜ್ಞೆ, ಅಷ್ಟಕ್ಕೇ ವಿನಾಯಿತಿ. ಪಕ್ಕದಲ್ಲಿ ಯಾಕೆ, ಎಲ್ಲಿಯವರೆಗೆ ಎಂಬ ಟಿಪ್ಪಣಿಯನ್ನೂ ಬರೆದೆ. ಅದೇ ರಾತ್ರಿ ಫೋನ್ ಮತ್ತೆ ಕಿರುಚಿತು. ಎದ್ದು ನೋಡಿದರೆ ಅದೇ ಸಹೋದ್ಯೋಗಿ, ಬೇರೆ ಕಂಟೇನರ್‌ನಲ್ಲಿ.