ಪ್ರೀತಿಯ ತುತ್ತು

ವಾಡಿ–ರಾಯಚೂರು ರೈಲುದಾರಿಯ ಸೈದಾಪುರದಲ್ಲಿ ನಮ್ಮ ನೆರೆಮನೆಯವರದು ಒಂದು ಪುಟ್ಟ ನಾಯಿ. ತೂಗಿದರೆ 4 ಕಿಲೋ ಇದ್ದೀತು. ಹಬ್ಬದ ಪಾಯಸಕ್ಕೆಂದು ತಂದಿದ್ದ ವಿಜಯಪುರದ ಒಣದ್ರಾಕ್ಷಿಯನ್ನು ಒಂದು ಹಿಡಿ ಅದರ ಮುಂದಿಟ್ಟವನು ನಾನೇ. ಬಾಲವಾಡಿಸುತ್ತ ತಿಂದಿತು, ನನಗೆ ಪುಣ್ಯ ಕಟ್ಟಿಕೊಂಡಷ್ಟು ಸಂತೋಷ. ಅಂದು ರಾತ್ರಿಯೇ ವಾಂತಿ. ಮೂರನೆಯ ದಿನ ಮೂತ್ರ ನಿಂತಿತು. ನಾಲ್ಕನೆಯ ದಿನ ನಾಯಿ ಇರಲಿಲ್ಲ. ಮೂತ್ರಪಿಂಡ ಕೆಟ್ಟಿತೆಂದು ಪಶುವೈದ್ಯರು ಹೇಳಿದ ಮೇಲೆಯೇ ನಾನು ತಿಳಿದದ್ದು: ದ್ರಾಕ್ಷಿ ನಾಯಿಗೆ ವಿಷ.

ದ್ರಾಕ್ಷಿಯೊಂದೇ ಅಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ದೋಷ ಹೋಗದು. ಚಾಕೊಲೇಟಿನ ಥಿಯೋಬ್ರೋಮಿನ್ ನಮ್ಮ ಮೈಯಿಂದ ಬೇಗ ಕಳೆಯುತ್ತದೆ. ಅದರ ಮೈಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ದ್ರಾಕ್ಷಿಯೊಳಗಿನ ಟಾರ್ಟಾರಿಕ್ ಆಮ್ಲವೇ ಕೇಡಿಗೆ ಕಾರಣವಿರಬೇಕೆಂದು 2021ರಲ್ಲಿ ಪಶುವೈದ್ಯರು ಊಹಿಸಿದರು. ನಮ್ಮ ಸಾರಿನ ಹುಣಸೆಯಲ್ಲಿಯೂ ಅದೇ ಇದೆ. ಮೈಯ ತೂಕಕ್ಕೆ ಹೋಲಿಸಿದರೆ, ಆ ಪುಟ್ಟ ಜೀವದ ಒಂದು ಹಿಡಿ 60 ಕಿಲೋ ಮನುಷ್ಯನಿಗೆ 15 ಹಿಡಿ.

ತಿಳಿಯದೆ ಮಾಡಿದ್ದು ತಪ್ಪೆ? 'ಪ್ರೀತಿಯಿಂದ ಕೊಟ್ಟಿರಲ್ಲ' ಎಂದು ಮಿತ್ರರು ಸಮಾಧಾನ ಹೇಳುತ್ತಾರೆ. ಆದರೆ ಅದು ಯಾರ ಮೇಲಿನ ಪ್ರೀತಿ? ನನ್ನ ನಾಲಗೆಗೆ ರುಚಿಯಾದದ್ದು ಅದಕ್ಕೂ ಹಿತವೆಂದುಕೊಂಡೆ, ಬಲ್ಲವರನ್ನು ಕೇಳಲಿಲ್ಲ. ಧರ್ಮರಾಯ ನಾಯಿಗಾಗಿ ಸ್ವರ್ಗವನ್ನೇ ಬಿಡಲು ಸಿದ್ಧನಾದ. ನನ್ನಿಂದ ಬೇಕಾಗಿದ್ದುದು ಒಂದು ಪ್ರಶ್ನೆ ಮಾತ್ರ. ನಾವು ಮಕ್ಕಳಿಗೂ ಅತಿಥಿಗಳಿಗೂ ಬಡಿಸುವುದು ಹೀಗೆಯೇ ಅಲ್ಲವೆ?

ನೆರೆಮನೆಯ ಹುಡುಗಿ ನನ್ನನ್ನು ಬೈಯಲಿಲ್ಲ. "ಕಾಕಾ, ನೀವು ಏನ ಕೊಟ್ಟರೂ ಅದು ತಿಂತಿತ್ತು" ಎಂದಳು, ಅಷ್ಟೆ. ನಂಬಿ ತಿನ್ನುವ ಬಾಯಿಗೆ ತಿಳಿವಳಿಕೆ ಬೇಡ. ಕೊಡುವ ಕೈಗೆ ಬೇಕು.